ಕೂಟಿಗೆ ಬಿದ್ದ ನಾಲ್ಕನೇ ತರಕಾರಿ

“ಚಪ್ಪಲಿ ಅಲ್ಲೇ ಬಿಡವ್ವ,” ಎಂದು ತಾರಸಿಯ ಬಾಗಿಲಲ್ಲೇ ತಡೆದರು ಸಪ್ಪಲಮ್ಮ. “ದೇವ್ರ ಮನೆ ಅಲ್ಲ, ನಿಜ. ಆದ್ರೂ ಅದಕ್ಕೆ ಪೂಜೆ ಆಗೈತೆ.”

ಸಂಧ್ಯಾ ಚಪ್ಪಲಿ ಬಿಟ್ಟಳು. ಮಧ್ಯಾಹ್ನದ ಬಿಸಿಲು ಕುಡಿದು ಕಾದಿದ್ದ ತಾರಸಿಯ ಮೇಲೆ ಒಮ್ಮೆ ಹಿಮ್ಮಡಿ, ಒಮ್ಮೆ ತುದಿಬೆರಳು ಊರುತ್ತ ನೀರಿನ ಟ್ಯಾಂಕಿನ ನೆರಳು ಸೇರುವಷ್ಟರಲ್ಲಿ ಒಬ್ಬ ಪತ್ತೇದಾರಳಿಗೆ ಇರಬೇಕಾದ ಗಾಂಭೀರ್ಯವೆಲ್ಲ ಆವಿಯಾಗಿತ್ತು. ಹಿಂದೆ ಬರುತ್ತಿದ್ದ ಯಮುನಾ ಬಾಯಿಗೆ ಸೆರಗು ಅಡ್ಡ ಹಿಡಿದದ್ದು ಅವಳ ಕಣ್ಣಿಗೆ ಬಿತ್ತು. ನಗಲಿ ಪಾಪ. ಮೊನ್ನೆ ತನ್ನ ಚಾಮರಾಜಪೇಟೆಯ ಆಫೀಸಿಗೆ ಬಂದು ಕೂತಾಗ ಈ ಹೆಂಗಸಿನ ಮುಖದಲ್ಲಿ ನಗುವಿಗೆ ಜಾಗವೇ ಇರಲಿಲ್ಲ.

ಯಮುನಾ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಮಾಡುವ ಕೆಲಸದ ಕುರ್ಚಿಯಲ್ಲಿ ಒಂದೇ ಗಂಟೆಯೊಳಗೆ ನಾಲ್ಕು ಬೇರೆ ಬೇರೆ ಜಾಗಗಳಿಂದ ಯಾರೋ ಲಾಗಿನ್ ಆಗಿ ಕೂತಿದ್ದಾರೆ ಎಂದು ಅವಳ ಕಂಪನಿ ಹೇಳುತ್ತಿತ್ತು. ಇವತ್ತು ಸಂಜೆ ಐದಕ್ಕೆ ವಿಡಿಯೋ ಕರೆಯಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಆ ಕುರ್ಚಿ ಅವಳ ಪಾಲಿಗಿಲ್ಲ.

ಈಗಾಗಲೇ ಮೂರು ದಾಟಿತ್ತು.

ಟ್ಯಾಂಕಿನ ಕೆಳಗೆ ಒಂದು ದೊಡ್ಡ ಬಿದಿರಿನ ಮಂಕರಿ ಬೋರಲು ಮಲಗಿತ್ತು. ಸಪ್ಪಲಮ್ಮನ ಗಂಡ ಅಣ್ಣಯ್ಯಪ್ಪ ತರಕಾರಿ ವ್ಯಾಪಾರದಲ್ಲಿದ್ದಾಗ ಮಾರ್ಕೆಟ್ಟಿನಿಂದ ಬದನೆಕಾಯಿ ಹೊತ್ತು ತರುತ್ತಿದ್ದ ಮಂಕರಿ ಅದು. ಈಗ ಅದಕ್ಕೆ ಬೇರೆ ಕೆಲಸ ಸಿಕ್ಕಿತ್ತು. ಒಳಗಿರುವುದಕ್ಕೆ ಗಾಳಿ ಆಡಬೇಕು, ಆದರೆ ಪಾರಿವಾಳ ಮುಟ್ಟಬಾರದು.

ಸಪ್ಪಲಮ್ಮ ಮಂಕರಿಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟರು. ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಮಸಾಲೆ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಪುಟ್ಟ ಹಸಿರು ದೀಪಗಳು ಪಿಳಿಪಿಳಿ ಎನ್ನುತ್ತಿದ್ದವು.

“ಇದೇ ನಮ್ಮ ಕೂಟು,” ಎಂದರು, ಮೊಮ್ಮಗುವನ್ನು ತೋರಿಸುವವರ ಹಾಗೆ.

ಎನ್.ಆರ್. ಕಾಲೋನಿಯ ಆ ಕಟ್ಟಡದಲ್ಲಿ ಇರುವುದು ಮೂರೇ ಮನೆ. ಕೆಳಗೆ ಮಾಲೀಕರಾದ ಸಪ್ಪಲಮ್ಮ ಮತ್ತು ಅವರ ಮಗ ಮುನಿರಾಜ್, ನಡುವೆ ಯಮುನಾ ಮತ್ತು ಅವಳ ಗಂಡ ಬದರೀನಾರಾಯಣ, ಮೇಲೆ ಒಂಟಿಯಾಗಿರುವ ನಾಗಭೂಷಣ್. ಮೂರು ಮನೆಗೂ ಮೂರು ಬೇರೆ ಕಂಪನಿಯ ಇಂಟರ್ನೆಟ್ಟು. ಯಾವುದೂ ಹೇಳಿಕೊಳ್ಳುವಂಥದ್ದಲ್ಲ. ಒಂದು ಮನೆಯಲ್ಲಿ ಕ್ರಿಕೆಟ್ ಹಾಕಿದರೆ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಮಾತು ತೊದಲುತ್ತಿತ್ತು. ಮಾವಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮುನಿರಾಜ್ ಒಂದು ದಿನ ಮೂರೂ ವೈರುಗಳನ್ನು ತಾರಸಿಗೆ ಎಳೆದು ಈ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದ. ಅಂದಿನಿಂದ ಯಾರಿಗೆ ಬೇಕಾದರೂ ಮೂರರ ಬಲವೂ ಸಿಗುತ್ತಿತ್ತು.

“ಮೂರು ಮನೆ ತರಕಾರಿ, ಒಂದೇ ಪಾತ್ರೆ,” ಎಂದು ಅವತ್ತು ಅದಕ್ಕೆ ಕೂಟು ಎಂದು ಹೆಸರಿಟ್ಟವರು ಸಪ್ಪಲಮ್ಮನೇ. ಅಷ್ಟಕ್ಕೇ ಬಿಡದೆ ಒಂದೊಂದು ವೈರಿಗೂ ಒಂದೊಂದು ತರಕಾರಿಯ ಹೆಸರು ಹೇಳಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಮೇಲೆ ಮಗನ ಕೈಯಲ್ಲಿ ಬರೆಸಿ ಅಂಟಿಸಿದ್ದರು. ತಮ್ಮದು ಬದನೆಕಾಯಿ. ಉದ್ದಕ್ಕೆ ಸಣ್ಣಗೆ ಇದ್ದ ನಾಗಭೂಷಣರದು ನುಗ್ಗೆಕಾಯಿ. ಯಮುನಾಳದು ಸೀಮೆಬದನೆ.

“ನಾನ್ಯಾಕೆ ಸೀಮೆಬದನೆ ಅಂತ ಕೇಳಿದ್ದೆ,” ಎಂದಳು ಯಮುನಾ ಮೆಲ್ಲಗೆ. “ಯಾವುದರ ಜೊತೆ ಹಾಕಿದ್ರೂ ಅದರ ರುಚಿ ತಗೊಳ್ಳುತ್ತೆ, ತನ್ನದೂ ಅಂತ ಹಟ ಮಾಡಲ್ಲ ಅಂದ್ರು.”

ಸಪ್ಪಲಮ್ಮ ಅದನ್ನು ಹೊಗಳಿಕೆಯೆಂದೇ ಹೇಳಿದ್ದರು. ಯಮುನಾ ನಕ್ಕಳು ಕೂಡ. ಆದರೆ ಆ ನಗು ತುಟಿಯಲ್ಲೇ ನಿಂತುಬಿಟ್ಟಿತು. ವರ್ಷಗಟ್ಟಲೆ ಮದುವೆ ಸಂಬಂಧಗಳ ವಿಚಾರಣೆ ಮಾಡಿ, ಎಷ್ಟೋ ಮನೆಗಳ ನಡುಮನೆಯಲ್ಲಿ ಕಾಫಿ ಕುಡಿದಿದ್ದ ಸಂಧ್ಯಾಳಿಗೆ ಈ ನಗು ಗೊತ್ತು. ಒಳ್ಳೆಯವಳು ಎಂದು ಕರೆಸಿಕೊಂಡು ಸುಸ್ತಾದವರ ನಗು. ತಾನೂ ಒಂದು ಕಾಲದಲ್ಲಿ ಅದೇ ನಗು ನಗುತ್ತಿದ್ದಳು.

ಅವಳು ಪೆಟ್ಟಿಗೆಯ ಎದುರು ಮಂಡಿಯೂರಿದಳು.

ಪೆಟ್ಟಿಗೆಯ ಹಿಂಬದಿಯಲ್ಲಿ ಸಾಲಾಗಿ ಕಿಂಡಿಗಳು. ಹೊರಗಿನಿಂದ ಇಂಟರ್ನೆಟ್ ತರುವ ವೈರುಗಳು ಬಂದು ಕೂರುವ ಜಾಗ. ಮೊದಲನೆಯದರಲ್ಲಿ ಬದನೆಕಾಯಿ, ಎರಡನೆಯದರಲ್ಲಿ ನುಗ್ಗೆಕಾಯಿ. ಮೂರನೆಯದರಲ್ಲಿ ಒಂದು ಬೂದು ವೈರು. ಅದಕ್ಕೆ ಪ್ಲಾಸ್ಟರೂ ಇಲ್ಲ, ಹೆಸರೂ ಇಲ್ಲ. ಸೀಮೆಬದನೆ ನಾಲ್ಕನೆಯದರಲ್ಲಿ ಇತ್ತು.

“ಮೂರು ಮನೆ ಅಂದ್ರಿ. ವೈರು ನಾಲ್ಕಿದೆ.”

“ಎಲ್ಲಿ?” ಸಪ್ಪಲಮ್ಮ ಬಗ್ಗಿದರು. “ಇರಾಕಿಲ್ಲ ಕಣಮ್ಮ. ಆಯುಧಪೂಜೆ ದಿನ ನಾನೇ ಒಂದೊಂದಕ್ಕೂ ಕುಂಕುಮ ಇಟ್ಟಿವ್ನಿ. ವೈರಿನ ಮೂತಿಗೊಂದು, ಅದು ಹೋಗೋ ತೂತಿನ ಪಕ್ಕ ಒಂದು. ನಾಲ್ಕನೇದಿದ್ರೆ ಬಿಡ್ತಿದ್ನಾ?”

ಸಂಧ್ಯಾ ಮೊಬೈಲಿನ ಟಾರ್ಚು ಹಾಕಿ ಮುಖವನ್ನು ಇನ್ನಷ್ಟು ಹತ್ತಿರ ತಂದಳು.

ಕುಂಕುಮ ಇತ್ತು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಬೊಟ್ಟು ಬೊಟ್ಟಾಗಿ ಉಳಿದಿತ್ತು. ಬದನೆಕಾಯಿಯ ಮೂತಿಗೆ ಬೊಟ್ಟು, ಅದರ ಕಿಂಡಿಗೂ ಬೊಟ್ಟು. ನುಗ್ಗೆಕಾಯಿಗೂ ಹಾಗೆಯೇ. ಮೂರನೆಯ ಕಿಂಡಿಗೆ ಬೊಟ್ಟಿತ್ತು, ಅದರಲ್ಲಿ ಕೂತಿದ್ದ ಬೂದು ವೈರಿಗೆ ಇರಲಿಲ್ಲ. ನಾಲ್ಕನೆಯ ಕಿಂಡಿಗೆ ಬೊಟ್ಟಿರಲಿಲ್ಲ, ಅದರಲ್ಲಿ ಕೂತಿದ್ದ ಸೀಮೆಬದನೆಗೆ ಇತ್ತು.

ಅವಳಿಗೆ ನಗು ಬಂತು. ಎಷ್ಟೋ ಕಡೆ ಸಾಕ್ಷಿ ಹುಡುಕಿ ಅಲೆದಿದ್ದಳು. ಯಾರೂ ಇಷ್ಟು ಚೆನ್ನಾಗಿ ಬೊಟ್ಟಿಟ್ಟು ಕೊಟ್ಟಿರಲಿಲ್ಲ.

“ಸಪ್ಪಲಮ್ಮ, ನಿಮ್ಮ ಕುಂಕುಮ ಎರಡು ವಿಷಯ ಹೇಳ್ತಾ ಇದೆ. ಈ ಬೂದು ವೈರು ಬಂದಿದ್ದು ಆಯುಧಪೂಜೆ ಆದ ಮೇಲೆ. ಬಂದವರು ಖಾಲಿ ಇದ್ದ ಕಿಂಡೀಲಿ ಕೂರಲಿಲ್ಲ. ಯಮುನಾ ಅವರನ್ನ ಎಬ್ಬಿಸಿ ಅವರ ಜಾಗದಲ್ಲಿ ಕೂತ್ರು.”

ಹಾಗೆ ಮಾಡಿದ್ದರಿಂದ ಏನಾಯಿತು ಎನ್ನುವುದು ತಿಳಿದದ್ದು ಮುನಿರಾಜನಿಗೆ ಫೋನ್ ಮಾಡಿದಾಗ. ಅಂಗಡಿಯಲ್ಲಿ ಯಾವುದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ ಅವನು ಸ್ಪೀಕರಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದ. ದಾರಿ ಮೂರಿದ್ದರೂ ಒಂದು ಬಸ್ಸು ಒಂದೇ ದಾರಿಯಲ್ಲಿ ಹೋಗಬೇಕು. ಕೂಟು ಪ್ರತಿ ಬಸ್ಸನ್ನೂ ಯಾವ ದಾರಿ ಖಾಲಿ ಇದೆಯೋ ಅದಕ್ಕೆ ಬಿಡುತ್ತದೆ. ಸಿನಿಮಾ ನೋಡುವವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಬ್ಯಾಂಕು, ಆಫೀಸು ಇಂಥ ಕಡೆ ಬಾಗಿಲಲ್ಲಿ ಕಾಯುವವನು ಒಬ್ಬನೇ ಮನುಷ್ಯ ಮೂರು ಬೀದಿಯಿಂದ ಬರುವುದನ್ನು ಕಂಡರೆ ಕಳ್ಳ ಎನ್ನುತ್ತಾನೆ. ಅದಕ್ಕೇ ಅವನು ಯಮುನಾಳ ಲ್ಯಾಪ್‌ಟಾಪಿಗೆ ಒಂದು ಗಂಟು ಹಾಕಿದ್ದ. ಅದು ಏನಿದ್ದರೂ ಮೂರನೇ ಕಿಂಡಿಯ ದಾರಿಯಲ್ಲೇ ಹೋಗಬೇಕು.

“ಗಂಟು ಹಾಕಿದ್ದು ಕಿಂಡಿಗೆ, ಅದರಲ್ಲಿರೋ ವೈರಿಗಲ್ಲ ಅಲ್ವಾ?” ಎಂದು ಕೇಳಿದಳು ಸಂಧ್ಯಾ.

ಆ ಕಡೆ ಪ್ರಿಂಟರಿನ ಸದ್ದು ನಿಂತಿತು.

“ಹೌದು ಮೇಡಂ. ಯಾರಾದ್ರೂ ವೈರು ಬದಲಾಯಿಸಿದ್ರೆ ಯಮುನಕ್ಕನ ಕೆಲ್ಸ ಎಲ್ಲಾ ಆ ವೈರಿನೋರ ಮನೆ ಮೇಲೆ ಹೋಗುತ್ತೆ. ಅವ್ರ ಲೈನು ಕೈ ಕೊಟ್ಟಾಗೆಲ್ಲಾ ಉಳಿದ ಮೂರಕ್ಕೂ ಚೆಲ್ಲಾಪಿಲ್ಲಿ. ಅಮ್ಮಾ, ತಾರಸಿಗೆ ಯಾರನ್ನ ಬಿಟ್ಟಿದ್ದೆ?”

ಸಪ್ಪಲಮ್ಮ ಮಂಕರಿಯ ಮೇಲಿನ ಧೂಳು ಒರೆಸತೊಡಗಿದರು.

ನಾಲ್ಕು ಜಾಗದ ಲೆಕ್ಕ ಸರಿಹೋಯಿತು. ಆದರೆ ಮೂರು ಜಾಗಕ್ಕೆ ಮಾತ್ರ ಹೆಸರಿತ್ತು. ಬೂದು ವೈರು ಪ್ಯಾರಾಪೆಟ್ ಹತ್ತಿ, ಸಂಪಿಗೆ ಮರದ ಕೊಂಬೆಯೊಳಗೆ ನುಸುಳಿ, ಹಿಂದಿನ ಬೀದಿಯ ಮನೆಯ ಕಡೆಗೆ ಹೋಗಿತ್ತು. ಎರಡು ಮನೆಗಳೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ನಡುವೆ ಒಂದು ಹೆಜ್ಜೆಯಷ್ಟೇ ಸಂದು. ಆ ಮನೆಯ ಮಹಡಿಯ ಕೋಣೆಗೆ ಒಂದು ಕಿಟಕಿ, ಕಿಟಕಿಗೆ ಎಳೆದ ನೀಲಿ ಪರದೆ. ಬಾಗಿಲು ಇದ್ದದ್ದು ಆಚೆ ಬೀದಿಗೆ. ಅಲ್ಲಿ ಯಾರಿದ್ದಾರೆಂದು ಸಪ್ಪಲಮ್ಮನಿಗೂ ಗೊತ್ತಿರಲಿಲ್ಲ. ಬಾಡಿಗೆಯವರು ಬದಲಾಗುತ್ತಲೇ ಇರುತ್ತಾರೆ ಎಂದರು.

ಯಮುನಾ ಮಾತ್ರ ಕಿಟಕಿಯನ್ನು ನೋಡಲಿಲ್ಲ. ತನ್ನ ಕೈಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಅವಳ ಕೆಲಸ ಆ ಬೆರಳುಗಳದೇ. ದೂರದ ಕಾಲೇಜುಗಳಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದಂತೆ, ಕಿವಿ ಕೇಳದ ಮಕ್ಕಳಿಗಾಗಿ ಅವರ ಮಾತನ್ನೆಲ್ಲ ಆಗಿಂದಾಗಲೇ ಪರದೆಯ ಕೆಳಗೆ ಕನ್ನಡದಲ್ಲಿ ಟೈಪ್ ಮಾಡುವುದು. ಗಂಡ ಬದರೀನಾರಾಯಣರಿಗೆ ಅವಳು ಇನ್ನೂ ಹೇಳಿರಲಿಲ್ಲ. ಕೆಲಸ ಕಾಯಂ ಆದ ಮೇಲೆ ಹೇಳೋಣವೆಂದು. ಅವರು ಹೆಂಡತಿ ಮಧ್ಯಾಹ್ನವೆಲ್ಲ ಹೆಡ್‌ಫೋನ್ ಹಾಕಿಕೊಂಡು ಧಾರಾವಾಹಿ ನೋಡುತ್ತಾಳೆಂದು ತಿಳಿದಿದ್ದರು. ಕಣ್ಣು ಹಾಳಾಗುತ್ತೆ ಎಂದು ಕ್ಯಾರೆಟ್ ಬೇರೆ ತಂದುಕೊಡುತ್ತಿದ್ದರು.

“ಒಂದು ಹುಡುಗಿ ನನಗೆ ಮೆಸೇಜ್ ಹಾಕಿದ್ಲು,” ಎಂದಳು ಯಮುನಾ, ಯಾರೂ ಕೇಳದಿದ್ದರೂ. “ಇವತ್ತು ಮೊದಲನೇ ಸಲ ಮೇಷ್ಟ್ರ ಜೋಕಿಗೆ ಎಲ್ಲರ ಜೊತೆಗೇ ನಕ್ಕೆ, ಅಂತ. ಇಷ್ಟು ದಿನ ಎಲ್ಲರೂ ನಕ್ಕು ಮುಗಿಸಿದ ಮೇಲೆ ಯಾರಾದ್ರೂ ಬರೆದು ತೋರಿಸ್ತಿದ್ರಂತೆ.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದಳು. “ಶ್ರೀಹರಿ ಸರ್ ಒಳ್ಳೆಯವರು. ಪುಣೆ ಆಫೀಸಿನಲ್ಲಿ ನನ್ನ ಮೇಲಿನವರು. ಅವರಿಲ್ಲದಿದ್ರೆ ಉತ್ತರ ಕೊಡೋಕೆ ಒಂದು ಅವಕಾಶಾನೂ ಸಿಗ್ತಿರಲಿಲ್ಲ. ಅವರ ಮುಂದೆ ಕಳ್ಳಿ ಥರ ಕೂರಬೇಕಲ್ಲ, ಅದು ಬೇಜಾರು.”

ಸಂಧ್ಯಾ ಎದ್ದು ಸೀರೆ ಕೊಡವಿಕೊಂಡಳು. ಈ ಕೆಲಸ ಹೋದರೆ ಯಮುನಾ ಮನೆಯಲ್ಲಿ ಯಾರಿಗೂ ಏನೂ ಹೇಳುವುದಿಲ್ಲ. ಹುಟ್ಟಿಯೇ ಇರದ ಸುದ್ದಿ ಅದು. ಅತ್ತರೆ ಯಾಕೆಂದು ಕೇಳುವವರೂ ಇರುವುದಿಲ್ಲ. ಆ ಯೋಚನೆ ಅವಳನ್ನು ಬಿಸಿ ತಾರಸಿಗಿಂತ ಹೆಚ್ಚಾಗಿ ಚುಚ್ಚಿತು.

“ತಾರಸಿ ಬೀಗದ ಕೈ ಇನ್ನು ಯಾರ ಹತ್ತಿರ ಇದೆ?”

“ನಾಗಭೂಷಣಪ್ಪನ ತಾವ,” ಎಂದರು ಸಪ್ಪಲಮ್ಮ. “ದಿನಾ ಬೆಳಿಗ್ಗೆ ಮ್ಯಾಲೆ ಸೂರ್ಯನಮಸ್ಕಾರ ಮಾಡ್ತಾರೆ. ಹಾಂ, ಆಯಪ್ಪ ಒಂದಿನ ಮುನಿ ತಾವ ಜಗಳ ಆಡಿದ್ರು. ಸೀಮೆಬದನೆಗೆ ಹಾಕಿದ ಗಂಟು ನುಗ್ಗೆಕಾಯಿಗೆ ಯಾಕಿಲ್ಲ ಅಂತ.”

ನಾಗಭೂಷಣ್ ಬಾಗಿಲು ತೆರೆದಾಗ ಟೀವಿಯಲ್ಲಿ ಷೇರುಪೇಟೆಯ ಅಂಕಿಗಳು ಓಡುತ್ತಿದ್ದವು. ಅರವತ್ತು ದಾಟಿದ್ದರೂ ಬೆನ್ನು ಬಾಣದಂತಿತ್ತು. ಬಂದವಳು ಪತ್ತೇದಾರಳು ಎಂದು ತಿಳಿದದ್ದೇ ಅವರಿಗೆ ಎಲ್ಲಿಲ್ಲದ ಉತ್ಸಾಹ. ಒಳಗೆ ಹೋಗಿ ವಿಶ್ವೇಶ್ವರಪುರಂನಿಂದ ತಂದ ಕೋಡುಬಳೆಯನ್ನು ತಟ್ಟೆಗೆ ಸುರಿದು ತಂದರು. ಸಂಧ್ಯಾ ಬೇಡವೆನ್ನಲಿಲ್ಲ. ಬಾಯಲ್ಲಿ ಕೋಡುಬಳೆ ಇದ್ದರೆ ತಾನು ಮಾತಾಡಬೇಕಾಗಿಲ್ಲ. ತಾನು ಮಾತಾಡದಿದ್ದರೆ ಎದುರಿನವರು ಮಾತಾಡುತ್ತಾರೆ. ಗಂಡಿನ ತಾಯಂದಿರಿಂದ ಕಲಿತ ಪಾಠ ಇದು.

ತಾರಸಿಯ ಮೇಲೆ ಒಂದು ವೈರು ಹೆಚ್ಚಿಗೆ ಇದೆ, ಯಾರದೆಂದು ಗೊತ್ತಾಗಬೇಕು ಎಂದಷ್ಟೇ ಹೇಳಿ ಅವಳು ಕೋಡುಬಳೆ ಮುರಿದಳು.

ನಾಗಭೂಷಣ್ ಮೊದಲು ಸರ್ಕಾರವನ್ನು ಬೈದರು. ಆಮೇಲೆ ಕೇಬಲ್ಲಿನವರನ್ನು. ಬಳಿಕ ಮುನಿರಾಜ್ ಒಳ್ಳೆಯವನೇ ಆದರೂ ಗಂಟು ಹಾಕುವ ವಿಷಯದಲ್ಲಿ ಪಕ್ಷಪಾತ ಮಾಡುತ್ತಾನೆ ಎಂದರು. ಸಂಧ್ಯಾ ಎರಡನೇ ಕೋಡುಬಳೆ ತೆಗೆದುಕೊಂಡಳು.

“ನೋಡಿ ಮೇಡಂ, ನಾನು ನನ್ನ ನುಗ್ಗೆಕಾಯಿ ಬಿಟ್ರೆ ಬೇರೆ ಯಾವ್ದನ್ನೂ ಮುಟ್ಟೋನಲ್ಲ. ಆ ಹಾಗಲಕಾಯಿ ಹೇಗೆ ಬಂತು ಅಂತ ನನ್ನ ಕೇಳಿದ್ರೆ?”

ಸಂಧ್ಯಾ ಅಗಿಯುವುದನ್ನು ನಿಲ್ಲಿಸಿದಳು.

“ಯಾವ ಹಾಗಲಕಾಯಿ?”

“ಅದೇ, ಹೊಸ ವೈರು.”

“ಅದಕ್ಕೆ ಹೆಸರೇ ಇಲ್ಲ ಸರ್. ಪ್ಲಾಸ್ಟರ್ ಇಲ್ಲ, ಕುಂಕುಮ ಇಲ್ಲ. ಹೆಸರಿಡೋ ಸಪ್ಪಲಮ್ಮ ಅದನ್ನ ಕಂಡಿದ್ದೇ ಇವತ್ತು. ಇನ್ನೂ ನಾಮಕರಣ ಆಗದೆ ಇರೋದಕ್ಕೆ ನೀವು ಹೆಸರು ಹಿಡಿದು ಕರೀತಿದೀರಿ.”

ನಾಗಭೂಷಣ್ ಟೀವಿಯ ಕಡೆ ತಿರುಗಿದರು. ಅಲ್ಲಿ ಅಂಕಿಗಳೆಲ್ಲ ಕೆಂಪಗಾಗಿದ್ದವು. ರಿಮೋಟ್ ತೆಗೆದುಕೊಂಡು ಆರಿಸಿದರು.

“ಕೂಟಿಗೆ ಯಾರಾದ್ರೂ ಹಾಗಲಕಾಯಿ ಹಾಕ್ತಾರಾ?” ಎಂದಳು ಸಂಧ್ಯಾ, ಮೃದುವಾಗಿ. “ಅಡುಗೆ ಗೊತ್ತಿರೋರು ತಮಾಷೆಗೂ ಆ ಹೆಸರು ಇಡಲ್ಲ. ಯಾರು ಇಟ್ಟಿದ್ದು?”

“ಅವರೇ,” ಎಂದರು ನಾಗಭೂಷಣ್, ಒಂದು ನಿಟ್ಟುಸಿರಿನ ಜೊತೆ.

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ಹಿಂದಿನ ಮನೆಯ ಮಹಡಿಯ ಕೋಣೆಗೆ ಹೊಸದಾಗಿ ಬಂದಿರುವ ಒಬ್ಬರು. ದೀಪಾವಳಿಯ ಆಸುಪಾಸಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಿಟಕಿಯಿಂದಲೇ ಮಾತಾಡಿಸಿದ್ದರು. ನಾಗಭೂಷಣರ ಸೂರ್ಯನಮಸ್ಕಾರವನ್ನು ಹೊಗಳಿದ್ದರು. ಅರವತ್ತು ಅಂದರೆ ನಂಬುವುದಕ್ಕೇ ಆಗುವುದಿಲ್ಲ ಎಂದಿದ್ದರು. ಹೀಗೆ ಕೆಲವು ದಿನ ಹೊಗಳಿದ ಮೇಲೆ, ತನ್ನ ಇಂಟರ್ನೆಟ್ಟು ತೀರಾ ದುರ್ಬಲ, ತನ್ನ ಲೈನನ್ನೂ ಈ ಕೂಟಿಗೆ ಸೇರಿಸಿ, ತಾನೂ ಇದರಿಂದಲೇ ಬಡಿಸಿಕೊಳ್ಳಬಹುದೇ ಎಂದು ಕೇಳಿದರಂತೆ. ಎಲ್ಲರಿಗೂ ವೇಗ ಜಾಸ್ತಿಯಾಗುತ್ತದೆ, ತಾನಾಗಿಯೇ ಒಂದು ದಿನ ಬಂದು ಪರಿಚಯ ಮಾಡಿಕೊಳ್ಳುತ್ತೇನೆ, ಅಲ್ಲಿಯವರೆಗೆ ಹೇಳಬೇಡಿ ಎಂದೂ ಅಂದರಂತೆ. ನಾಗಭೂಷಣರು ಮಾತು ಕೊಟ್ಟಿದ್ದರು.

“ನಿಮ್ಮನ್ನ ಯಾವ ತರಕಾರಿ ಅನ್ನೋಣ ಅಂತ ನಾನೇ ತಮಾಷೆಗೆ ಕೇಳ್ದೆ. ಹಾಗಲಕಾಯಿ ಅನ್ಕೊಳ್ಳಿ, ಯಾರೂ ಕರೆಯದೆ ಬಂದಿರೋದು ಅಂದ್ರು. ಎಷ್ಟು ವಿನಯ ನೋಡಿ ಅನ್ನಿಸ್ತು ನನಗೆ.”

“ವೈರು ಸಿಕ್ಕಿಸಿದ್ದು ನೀವಾ?”

“ಅವರೇ ಈ ಕಡೆ ದಾಟಿ ಬಂದು ಸಿಕ್ಕಿಸಿದ್ರು. ನಾನು ಶವಾಸನದಲ್ಲಿದ್ದೆ.”

“ಕಣ್ಣು ಮುಚ್ಕೊಂಡು.”

“ಶವಾಸನದಲ್ಲಿ ಕಣ್ಣು ತೆಗೀಬಾರದು ಮೇಡಂ.”

ಸಂಧ್ಯಾಳಿಗೆ ನಗು ತಡೆಯುವುದು ಕಷ್ಟವಾಯಿತು. ಆ ಮನುಷ್ಯ ನೋಡಲು ಹೇಗಿದ್ದಾರೆ ಎಂದು ಕೇಳಿದಳು. ಕನ್ನಡಕ ಇತ್ತು, ಮಂಕಿ ಕ್ಯಾಪ್ ಇತ್ತು ಎಂದರು ನಾಗಭೂಷಣ್. ಬೆಳಗಿನ ಚಳಿ ನೋಡಿ. ಕ್ಯಾಪಿನೊಳಗೆ ಉಳಿದ ಮುಖ ಹೇಗಿತ್ತೆಂದು ತಾವು ಯಾವತ್ತೂ ಯೋಚಿಸಲೇ ಇಲ್ಲ ಎನ್ನುವುದು ಅವರಿಗೆ ಆಗಲೇ ಹೊಳೆದಂತಿತ್ತು. ಗದ್ದ ತುರಿಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, ತನ್ನಿಂದ ಯಮುನಮ್ಮನಿಗೆ ಏನಾದರೂ ತೊಂದರೆಯಾಯಿತೇ ಎಂದು ಕೇಳಿದರು. ಆಗಿದೆ ಎಂದಳು ಸಂಧ್ಯಾ. ಅವರು ತಟ್ಟೆಯಲ್ಲಿ ಉಳಿದ ಕೋಡುಬಳೆಯನ್ನೆಲ್ಲ ಕಾಗದದಲ್ಲಿ ಕಟ್ಟಿ ಯಮುನಾಳಿಗೆ ಕೊಡಿರೆಂದು ಅವಳ ಕೈಗಿತ್ತರು.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು.

ಹಿಂದಿನ ಬೀದಿಗೆ ಓಡಿಹೋಗಿ ಬಾಗಿಲು ತಟ್ಟೋಣ ಎಂದಳು ಯಮುನಾ. ಸಂಧ್ಯಾ ಬೇಡವೆಂದಳು. ಬಾಗಿಲು ತಟ್ಟಿದರೆ, ಬಾಗಿಲವರೆಗೆ ಬರುವಷ್ಟರಲ್ಲಿ ಮನುಷ್ಯ ಒಂದು ಮುಖ ಸಿದ್ಧ ಮಾಡಿಕೊಂಡಿರುತ್ತಾನೆ. ತಾನು ನೋಡಬೇಕಾದದ್ದು ಸಿದ್ಧವಾಗದ ಮುಖ. ಕೂಟಿನಿಂದ ಬಡಿಸಿಕೊಳ್ಳುತ್ತಿರುವವನ ತರಕಾರಿಯನ್ನೇ ಎತ್ತಿಬಿಟ್ಟರೆ? ಒಂದು ಎಳೆಯನ್ನು ಕಿತ್ತರೆ ಅದರ ಮೇಲೆ ಹೋಗುತ್ತಿದ್ದದ್ದೆಲ್ಲ ಅಲ್ಲೇ ಕಡಿದುಬೀಳುತ್ತದೆ ಎಂದು ಮುನಿರಾಜ್ ಹೇಳಿದ್ದ. ಆಗ ಅವನು ಏನಾಯಿತೆಂದು ನೋಡಲು ಕಿಟಕಿಗೆ ಬರಲೇಬೇಕು.

ಅವಳು ಸೀಮೆಬದನೆಯನ್ನು ಅದರ ಕುಂಕುಮದ ಕಿಂಡಿಗೆ ಮರಳಿ ಸೇರಿಸಿದಳು. ಬೂದು ವೈರನ್ನು ನಾಲ್ಕನೆಯದಕ್ಕೆ ಸರಿಸಿದಳು. ಆಮೇಲೆ ಸಪ್ಪಲಮ್ಮನನ್ನು ಮಂಕರಿಯ ಪಕ್ಕ ನಿಲ್ಲಿಸಿದಳು. ತನ್ನ ಮಿಸ್ಡ್ ಕಾಲ್ ಬಂದ ಕೂಡಲೇ ಬೂದು ವೈರನ್ನು ಎಳೆಯಬೇಕು, ಎಳೆದು ಕಿಟಕಿ ನೋಡುತ್ತಿರಬೇಕು, ಅಷ್ಟೇ.

“ಎಳೆದ ಮ್ಯಾಲೆ ಬಯ್ಯಬೋದಾ?”

“ಬೇಡ ಸಪ್ಪಲಮ್ಮ. ನೋಡಿದ್ರೆ ಸಾಕು.”

“ಬರೀ ನೋಡೋದಾ?” ಎಂದು ಅವರು ನಿರಾಸೆಯಿಂದ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಉಟ್ಟಿದ್ದು ಗಿಳಿಹಸಿರಿನ ಸೀರೆ. ಎಲ್ಲಿಂದ ನೋಡಿದರೂ ಕಾಣುವಂಥದ್ದು.

ಯಮುನಾ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಎದುರು ಕೂತಳು. ಕ್ಯಾಮೆರಾಕ್ಕೆ ಸ್ವಲ್ಪವೂ ಕಾಣದ ಹಾಗೆ ಸಂಧ್ಯಾ ಬೀರುವಿನ ಪಕ್ಕ ಸ್ಟೂಲಿನ ಮೇಲೆ ಕೂತು ಪರದೆಯನ್ನು ಓರೆಯಾಗಿ ನೋಡಿದಳು. ಐದಕ್ಕೆ ಸರಿಯಾಗಿ ಶ್ರೀಹರಿ ಬಂದರು. ನಲವತ್ತರ ಆಸುಪಾಸು, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಹಿಂದೆ ಗಾಜಿನ ಗೋಡೆಯ ಆಫೀಸು, ಒಂದು ಕುಂಡದಲ್ಲಿ ಗಿಡ. ಅವರು ತಲೆ ಅಲ್ಲಾಡಿಸಿದಾಗಲೆಲ್ಲ ಕಿವಿಯ ಪಕ್ಕದ ಗಿಡವೂ ಸ್ವಲ್ಪ ಅಳಿಸಿಹೋಗುತ್ತಿತ್ತು. ಮನೆಯ ಗೋಡೆ ಮುಚ್ಚಲು ಹಾಕಿಕೊಳ್ಳುವ ಚಿತ್ರ. ಎಲ್ಲರೂ ಹಾಕಿಕೊಳ್ಳುವಂಥದ್ದೇ.

“ಹೇಳಿ ಯಮುನಾ,” ಎಂದರು, ನಿಜಕ್ಕೂ ಮರುಗುವವರ ದನಿಯಲ್ಲಿ. “ನಂಗೂ ಇದು ಇಷ್ಟ ಇಲ್ಲ. ಆದ್ರೆ ಮೇಲಿನವರಿಗೆ ಏನಾದ್ರೂ ಹೇಳ್ಬೇಕಲ್ಲ.”

ಯಮುನಾ ಹೇಳಿದಳು. ಮೊದಲ ಎರಡು ವಾಕ್ಯ ನಡುಗಿದವು. ಮೂರನೆಯದು ಗಟ್ಟಿಯಾಗಿ ನಿಂತಿತು. ಮೂರು ಮನೆ, ಮೂರು ವೈರು, ಒಂದು ಪೆಟ್ಟಿಗೆ, ಮುನಿರಾಜ್ ಹಾಕಿದ ಗಂಟು. ತನ್ನ ಕುರ್ಚಿಯಲ್ಲಿ ಕೂತವಳು ತಾನೊಬ್ಬಳೇ, ದಾರಿ ಮಾತ್ರ ಬೇರೆ ಬೇರೆ. ಬೇರೆಯವರ ಮಾತನ್ನೇ ಟೈಪ್ ಮಾಡಿ ಅಭ್ಯಾಸವಾಗಿದ್ದ ಹೆಂಗಸು ತನ್ನ ಮಾತನ್ನು ತಾನೇ ಆಡುವುದನ್ನು ಸಂಧ್ಯಾ ಕೇಳಿದಳು.

“ಸರಿ,” ಎಂದರು ಶ್ರೀಹರಿ. “ಮೂರು ಮನೆ ಲೆಕ್ಕ ಒಪ್ಪೋಣ. ಆದ್ರೆ ರಿಪೋರ್ಟಲ್ಲಿ ನಾಲ್ಕಿದೆ. ನಾಲ್ಕನೇ ಜಾಗದಲ್ಲಿ ನಿಮ್ಮ ಕೆಲ್ಸ ಮಾಡ್ತಿರೋರು ಯಾರು?”

ಯಮುನಾ ಬೀರುವಿನ ಕಡೆಗೆ ಕಣ್ಣು ಹಾಯಿಸಿದಳು.

ಸಂಧ್ಯಾ ಮೊಬೈಲಿನಲ್ಲಿ ಸಪ್ಪಲಮ್ಮನ ನಂಬರು ಒತ್ತಿ, ರಿಂಗಾದ ಕೂಡಲೇ ಕಡಿದಳು. ಹಿಂದಿನ ಮನೆಯ ಕಿಟಕಿಯಲ್ಲಿ ಯಾರು ಬರುತ್ತಾರೋ ಅದೇ ಈ ಪ್ರಶ್ನೆಗೆ ಉತ್ತರ. ಸಪ್ಪಲಮ್ಮ ನೋಡಿ ಹೇಳುವವರೆಗೆ ಯಮುನಾ ಈ ಮನುಷ್ಯನನ್ನು ಹೇಗಾದರೂ ಮಾತಿನಲ್ಲಿ ಹಿಡಿದಿಡಬೇಕು.

ಹಿಡಿದಿಡುವ ಪ್ರಮೇಯ ಬರಲಿಲ್ಲ. ಪರದೆಯ ಮೇಲೆ ಶ್ರೀಹರಿ, ಬಾಯಿ ಅರೆ ತೆರೆದು, ಒಂದು ಕಣ್ಣು ಅರೆ ಮುಚ್ಚಿ ಹಾಗೇ ನಿಂತುಬಿಟ್ಟರು. ಆಮೇಲೆ ಗಿಡ, ಗಾಜಿನ ಗೋಡೆ, ಅಂಗಿ ಎಲ್ಲ ಸೇರಿ ಪರದೆ ಕಪ್ಪಾಯಿತು.

“ನಮ್ಮ ಲೈನೇ ಹೋಯ್ತು,” ಎಂದಳು ಯಮುನಾ.

ಸಂಧ್ಯಾ ಪರದೆಯ ಮೂಲೆ ನೋಡಿದಳು. ಯಮುನಾಳ ಮುಖ ಪುಟ್ಟ ಚೌಕದಲ್ಲಿ ಸ್ಪಷ್ಟವಾಗಿ ಇತ್ತು, ರೆಪ್ಪೆ ಬಡಿಯುವುದೂ ಕಾಣುತ್ತಿತ್ತು. ಸೀಮೆಬದನೆ ಅಲುಗಿರಲಿಲ್ಲ. ಕಡಿದದ್ದು ಈ ಕಡೆಯ ಎಳೆಯಲ್ಲ.

ಸಪ್ಪಲಮ್ಮ ವೈರು ಎಳೆದದ್ದಕ್ಕೂ ಶ್ರೀಹರಿಯ ಪರದೆ ಕಪ್ಪಾದದ್ದಕ್ಕೂ ಸಂಬಂಧ ಇದೆಯೇ? ಇರಲಾರದು ಎಂದುಕೊಂಡಳು.

ಪರದೆ ಮತ್ತೆ ಬೆಳಗಿತು. ಈ ಸಲ ಶ್ರೀಹರಿ ಫೋನಿನಿಂದ ಬಂದಿದ್ದರು. ಚಿತ್ರ ಉದ್ದುದ್ದ, ಸ್ವಲ್ಪ ನಡುಗುತ್ತಿತ್ತು. ಸಿಗ್ನಲ್ ಹುಡುಕುತ್ತ ಯಾವುದೋ ಬೆಳಕಿನ ಕಡೆಗೆ ನಡೆದು, ಅದಕ್ಕೆ ಬೆನ್ನು ಮಾಡಿ ನಿಂತರು. ಗಾಜಿನ ಗೋಡೆ ಇರಲಿಲ್ಲ, ಕುಂಡದ ಗಿಡವೂ ಇರಲಿಲ್ಲ. ಹಿಂದೆ ಇದ್ದದ್ದು ಒಂದು ಕಿಟಕಿ. ಪಕ್ಕಕ್ಕೆ ಸರಿಸಿದ ನೀಲಿ ಪರದೆ.

“ಸಾರಿ, ಆಫೀಸ್ ವೈಫೈ ಕೈ ಕೊಡ್ತು,” ಎಂದರು. “ಎಲ್ಲಿದ್ವಿ ನಾವು? ಹಾಂ, ನಾಲ್ಕನೇ ಜಾಗ.”

ಅವರ ಎಡ ಹೆಗಲಿನ ಮೇಲೆ, ಕಿಟಕಿಯ ಆಚೆ, ಸಂಪಿಗೆ ಕೊಂಬೆಯ ನಡುವೆ ಒಂದು ತಾರಸಿ ಕಾಣುತ್ತಿತ್ತು. ಒಂದು ನೀರಿನ ಟ್ಯಾಂಕು. ಒಂದು ಬಿದಿರಿನ ಮಂಕರಿ. ಅದರ ಪಕ್ಕ ಗಿಳಿಹಸಿರಿನ ಸೀರೆ.

ಸಂಧ್ಯಾ ಯಮುನಾಳ ಕೈ ಮುಟ್ಟಲು ಹೋದಳು. ಬೇಕಾಗಲಿಲ್ಲ. ಯಮುನಾ ಆಗಲೇ ನೋಡಿದ್ದಳು. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಒಂದು ಕ್ಷಣ ತಡಕಾಡಿ, ಆಮೇಲೆ ಶಾಂತವಾಗಿ ಮಡಿಲಿಗೆ ಬಂದು ಕೂತವು. ತುಟಿಯಲ್ಲಿ ಆ ಹಳೆಯ ಸೀಮೆಬದನೆ ನಗು ಇರಲಿಲ್ಲ. ಬೇರೆ ಯಾವುದೋ ನಗು ಇತ್ತು. ಸಂಧ್ಯಾ ಅದನ್ನು ಮೊದಲ ಸಲ ನೋಡುತ್ತಿದ್ದಳು.

“ಹೇಳ್ತೀನಿ ಸರ್,” ಎಂದಳು ಯಮುನಾ. “ಅದಕ್ಕೆ ಮುಂಚೆ ಒಂದು ಮಾತು. ಪುಣೆಯಲ್ಲಿ ಬಿಸಿಲು ಹೇಗಿದೆ?”

“ಬಿಸಿಲಾ?” ಶ್ರೀಹರಿ ಹಗುರಾಗಿ ನಕ್ಕರು. “ಎಲ್ಲಿ ಬಂತು. ಬೆಳಗ್ಗೆಯಿಂದ ಬರೀ ಮೋಡ ಇಲ್ಲಿ.”

ಅವರ ಹೆಗಲ ಮೇಲೆ, ಸಂಜೆಯ ಹೊಂಬಿಸಿಲಿಗೆ ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಬೂದು ವೈರನ್ನು ಹಿಡಿದು, ಸಪ್ಪಲಮ್ಮ ಕಿಟಕಿಯಲ್ಲಿ ನಿಂತವನ ಬೆನ್ನನ್ನೇ ದಿಟ್ಟಿಸುತ್ತಿದ್ದರು. ಬರೀ ನೋಡಿದರೆ ಸಾಕು ಎಂದು ಸಂಧ್ಯಾ ಹೇಳಿದ್ದಳು. ಅವರು ಪಕ್ಕಕ್ಕೆ ತಿರುಗಿ ಎಲೆಅಡಿಕೆ ಉಗಿದರು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಮತ್ತು ಒಂದು ಕಾಲನ್ನು ಪ್ಯಾರಾಪೆಟ್ಟಿನ ಆಚೆಗೆ ಇಟ್ಟರು.